ನನ್ನ ಹೊಟ್ಟೆಗೇನೂ ಆಗಿಲ್ಲ

ಮಾರ್ಚ್ 4, ಸೋಮವಾರ

ಊಟದ ಹೊತ್ತಿಗೆಲ್ಲ ಹೊರರೋಗಿಗಳ ಸಾಲು ಖಾಲಿ. ಸರೋವರದ ದಡದ ಈ ಮ್ವಾಂಜಾ ಊರಿನಲ್ಲಿ ನನ್ನಷ್ಟು ಬೇಗ ಹೊಟ್ಟೆ ನೋಡುವವರು ಇನ್ನೊಬ್ಬರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ; ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಇಷ್ಟು ವರ್ಷ ಹೊಟ್ಟೆಯ ಡಾಕ್ಟರಾದ ಮೇಲೆ, ರೋಗಿ ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗುತ್ತದೆ. ಒಂದೇ ಬೆರಳಿಟ್ಟು ನೋವು ತೋರಿಸಿದರೆ ಹುಣ್ಣು. ಅಂಗೈ ಪೂರ್ತಿ ಸವರಿದರೆ ಗ್ಯಾಸು. ಕೈಯನ್ನು ಹೊಟ್ಟೆಯಿಂದ ಗಂಟಲಿಗೆ ಎಳೆದರೆ ಆಮ್ಲ. ಎರಡೂ ಕೈ ಬೀಸಿ ಮಾತಾಡಿದರೆ ಮನೆಯಲ್ಲಿ ಜಗಳ. ಇದರ ಮೇಲೆ, ಬಸ್ ನಿಲ್ದಾಣದ ಪಕ್ಕದ ಲ್ಯಾಬಿನವನು ಬೆರಳು ಚುಚ್ಚಿಸಿಕೊಂಡವರಿಗೆಲ್ಲ ಟೈಫಾಯ್ಡ್ ಹಂಚಿ ಕಳಿಸುತ್ತಾನೆ. ಅವರನ್ನು ನಾನು ವಾಪಸು ಗ್ಯಾಸಿಗೆ ಇಳಿಸಬೇಕು. ಕೆಲವರು ಬಡ್ತಿ ಕಿತ್ತುಕೊಂಡ ಹಾಗೆ ಮುಖ ಮಾಡುತ್ತಾರೆ.

ನನಗೂ ಕೆಲವು ವಾರದಿಂದ ಎದೆಗೂಡಿನ ಕೆಳಗೆ ಉರಿ. ಗ್ಯಾಸು. ನಿನ್ನೆ ಮೀನಿಗೆ ಪಿಲಿಪಿಲಿ ಖಾರ ಜಾಸ್ತಿಯಾಗಿತ್ತು. ಜಾಗ ದೊಡ್ಡದೇನಲ್ಲ, ತೋರಿಸುವುದಾದರೆ ಒಂದು ಬೆರಳು ಸಾಕು. ಆಮ್ಲ ತಗ್ಗಿಸುವ ಬಿಳಿ ಮಾತ್ರೆ ಚೀಪಿದ ಮೇಲೆ ಕಡಿಮೆಯಾಯಿತು.

ಮಾರ್ಚ್ 8, ಶುಕ್ರವಾರ

ಡಾ. ಕೊಕುತೋನಾ ಇವತ್ತೂ ಸಂಜೆವರೆಗೆ ಬಾಗಿಲು ಮುಚ್ಚಲಿಲ್ಲ. ದಾರ್ ಎಸ್ ಸಲಾಮಿನಲ್ಲಿ ಕಲಿತು ಹೋದ ವರ್ಷ ಬಂದವಳು. ಈ ಊರಲ್ಲಿ ಎಂಡೋಸ್ಕೋಪಿಯ ಕೊಳವೆ ಹಿಡಿಯಬಲ್ಲವರು ಇಬ್ಬರೇ, ನಾನು ಮತ್ತು ಅವಳು. ಕೈ ಒಳ್ಳೆಯದು. ಕಿವಿಯೇ ಅತಿಯಾಯಿತು. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಏನು ತಿಂದಿರಿ, ಯಾವಾಗ ತಿಂದಿರಿ, ಯಾರು ಬೇಯಿಸಿದರು ಅಂತ ಕೇಳುತ್ತಾಳೆ.

"ಅಲ್ಲಮ್ಮ, ನೀನು ಹೊಟ್ಟೆ ನೋಡ್ತಿದೀಯೋ ಸಂಬಂಧ ನೋಡ್ತಿದೀಯೋ?" ಅಂದೆ.

"ಮ್ಜೇ, ನೀವು ಸುಕುಮಾ ಜನ ನಿಮ್ಮ ಹಸುಗಳನ್ನ ಒಂದೊಂದನ್ನೂ ಹೆಸರು ಹಿಡಿದು ಕರೀತೀರಂತೆ. ಮನುಷ್ಯರಿಗೆ ಮಾತ್ರ ನಂಬರ್ರಾ?" ಮ್ಜೇ ಅಂತ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟೇ ಅಂದಳು.

ಅವಳು ಬುಕೋಬಾದ ಹಾಯಾ ಜನಾಂಗದ ಹೆಣ್ಣು. ಅವರು ಬಾಳೆಕಾಯಿ ಬೇಯಿಸುವಾಗಲೂ ಮಡಕೆಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳುವವರು. ನನ್ನ ಮುಂದಿನ ನಂಬರ್ ಕರೆದೆ.

ನನ್ನ ಕಡೆಗೆ ಒಣಮೀನು ಮಾರುವ ಒಬ್ಬ ಮುದುಕಿ ಬಂದಿದ್ದಳು. ಎಷ್ಟು ದಿನದಿಂದ ನೋವು ಅಂದರೆ, "ಅದೇನಾಯ್ತು ಅಂದ್ರೆ ಡಾಕ್ಟ್ರೇ, ನನ್ನ ಮೊಮ್ಮಗಳ ಮದ್ವೆ..." ಅಂತ ಶುರುಮಾಡಿದಳು. ಮದುವೆಯಿಂದ ಶುರುವಾದದ್ದು ಬಾಣಂತನ ಮುಗಿಯದೆ ನಿಲ್ಲುವುದಿಲ್ಲ. ಆಮ್ಲದ ಮಾತ್ರೆ ಬರೆದು ಚೀಟಿ ಕೈಗಿಟ್ಟೆ. ಬಾಗಿಲ ಹತ್ತಿರ ತಿರುಗಿ ನಿಂತು, "ನನ್ನ ಮೀನು ಕೊಳ್ಳೋರು ಇದಕ್ಕಿಂತ ಹೆಚ್ಚು ಹೊತ್ತು ಮುಟ್ಟಿ ನೋಡ್ತಾರೆ" ಅಂದು ಹೋದಳು.

ಹೊರಗೆ ಸಿಸ್ಟರ್ ಭೋಕೆ ನಕ್ಕಿದ್ದು ಕೇಳಿಸಿತು. ಅವಳು ಮಾರಾ ಕಡೆಯ ಕುರಿಯಾ ಜನಾಂಗದವಳು. ನಗುವುದನ್ನೂ ಜಗಳದ ಹಾಗೇ ಮಾಡುತ್ತಾಳೆ.

ಮಾರ್ಚ್ 15, ಶುಕ್ರವಾರ

ಮಂಡಿ ನೋವು. ಭಾನುವಾರದ ಮುದುಕರ ಫುಟ್‌ಬಾಲಿನಲ್ಲಿ ಗೋಲು ಹೊಡೆದದ್ದರ ಬೆಲೆ. (ಗೋಲ್‌ಕೀಪರ್ ಆಗ ಫೋನಿನಲ್ಲಿದ್ದ ಎಂಬ ಮಾತು ಹೊಟ್ಟೆಕಿಚ್ಚಿನದು.) ನೋವಿನ ಮಾತ್ರೆ ಬೆಳಿಗ್ಗೆ ಸಂಜೆ ನಡೆದಿದೆ.

ನ್ಯಾಮಿಜಿ ನೋಡಿದಳು. ಹೆಂಡತಿ ಗಣಿತದ ಟೀಚರ್ ಆಗಿದ್ದರೆ ಮನೆಯಲ್ಲಿ ಮಾತ್ರೆಯ ಪಟ್ಟಿಯೂ ಉತ್ತರಪತ್ರಿಕೆಯೇ.

"ಇದನ್ನೇ ತಾನೆ ನೀವು ರೋಗಿಗಳಿಗೆ ಮುಟ್ಟಬೇಡಿ ಅಂತ ಕಿರುಚೋದು?"

"ಅವರು ತಿಳೀದೆ ನುಂಗ್ತಾರೆ ಕಣೇ. ನಾನು ತಿಳಿದು ನುಂಗ್ತೀನಿ."

"ನೀವು ಡಾಕ್ಟರು ಅಂತ ಹೊಟ್ಟೆಗೆ ಹೇಳಿದೀರಾ?"

ಉಗಾಲಿ ಮುದ್ದೆ ಅರ್ಧಕ್ಕೇ ಸಾಕಾಯಿತು. ಪ್ಯಾಂಟು ಸಡಿಲವಾಗಿದೆ. ಫುಟ್‌ಬಾಲ್ ಕೆಲಸ ಮಾಡುತ್ತಿದೆ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಮಲ ಕಪ್ಪಗೆ ಹೋಯಿತು. ನಿನ್ನೆ ಮ್ಚಿಚಾ ಸೊಪ್ಪಿನ ಪಲ್ಯ ಎರಡು ಸಲ ಬಡಿಸಿಕೊಂಡಿದ್ದೆ. ಸೊಪ್ಪೇ.

ಮಾರ್ಚ್ 21, ಗುರುವಾರ

ಮತ್ತೆ ಕಪ್ಪು. ಅಂಟು. ನಿನ್ನೆ ಏನು ಅಡುಗೆ ಮಾಡಿದ್ದೆ ಅಂತ ನ್ಯಾಮಿಜಿಯನ್ನು ಕೇಳಿದೆ. ಅನ್ನ, ಅಲಸಂದೆ. ಸೊಪ್ಪು ಕೆಲವರ ಹೊಟ್ಟೆಯಲ್ಲಿ ಎರಡು ದಿನ ಉಳಿಯುವುದುಂಟು. ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ಉಂಟು.

ಮೆಟ್ಟಿಲು ಹತ್ತುವಾಗ ಏದುಸಿರು. ಮಾರ್ಚಿನ ಮಳೆಗಾಲದ ಸೆಕೆ.

ಮಾರ್ಚ್ 24, ಭಾನುವಾರ

ಗಂಡಸರ ವಾರ್ಡಿನ ಮೂಲೆ ಹಾಸಿಗೆಯಿಂದ ಬರೆಯುತ್ತಿದ್ದೇನೆ. ಪೆನ್ನು ಭೋಕೆಯದು. ಕೊಡುವಾಗ, "ವಾಪಸು ಬೇಕು, ಡಾಕ್ಟರುಗಳು ಪೆನ್ನು ಕದೀತಾರೆ" ಅಂದಳು.

ಆದದ್ದು ಹೀಗೆ. ಶುಕ್ರವಾರ ಬೆಳಿಗ್ಗೆ ಆ ಒಣಮೀನಿನ ಮುದುಕಿಯನ್ನು ಹೊತ್ತು ತಂದರು. ಕಾಫಿಪುಡಿ ಕದಡಿದಂಥ ವಾಂತಿ, ಕೈಕಾಲು ತಣ್ಣಗೆ. ಕೊಕುತೋನಾ ಕೊಳವೆ ಇಳಿಸಿದಳು. ಜಠರದಲ್ಲಿ ರಕ್ತ ಒಸರುವ ಹುಣ್ಣು. ಚುಚ್ಚುಮದ್ದು ಕೊಟ್ಟು ನಿಲ್ಲಿಸಿದಳು. ಆಮೇಲೆ ಅವಳ ಮಗಳನ್ನು ಕೂರಿಸಿಕೊಂಡು ಕೇಳಿದಳು. ಮೊಮ್ಮಗಳ ಮದುವೆಯಲ್ಲಿ ಅನ್ನದ ಹಂಡೆ ಎತ್ತಲು ಹೋಗಿ ಮುದುಕಿಗೆ ಸೊಂಟ ಹಿಡಿದಿತ್ತಂತೆ. ಅವತ್ತಿನಿಂದ ಅಂಗಡಿಯ ನೋವಿನ ಮಾತ್ರೆ, ಹಸಿದ ಹೊಟ್ಟೆಗೆ.

ನಾನು ಬರೆದ ಔಷಧ ಸರಿಯಾದದ್ದೇ. ಜೊತೆಗೆ ಇನ್ನೇನು ನುಂಗುತ್ತೀಯ ಅಂತ ಕೇಳಬೇಕಿತ್ತು, ಅಷ್ಟೆ. ಕೇಳಿದ್ದರೆ ಹೇಳುತ್ತಿದ್ದಳು. ಹೇಳಲು ಶುರುವೂ ಮಾಡಿದ್ದಳು.

ಅವಳ ಹೆಸರು ಚಾವುಸಿಕು.

ರಕ್ತ ಬೇಕಾಗಿತ್ತು. ಅವಳ ಗುಂಪಿನ ರಕ್ತ ಶೀತಪೆಟ್ಟಿಗೆಯಲ್ಲಿ ಒಂದೇ ಚೀಲ ಇತ್ತು. ನನ್ನದೂ ಅದೇ ಗುಂಪು. ಯಾರಿಗೂ ಹೇಳದೆ ರಕ್ತ ತೆಗೆಯುವ ಕೋಣೆಗೆ ಹೋಗಿ ಅಂಗಿಯ ತೋಳು ಮಡಚಿ ಕೂತೆ. ಅವತ್ತು ಅಲ್ಲಿ ಭೋಕೆಯ ಪಾಳಿ. ಅವಳು ತೋಳು ನೋಡಲೇ ಇಲ್ಲ. ನನ್ನ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದಳು.

"ಡಾಕ್ಟ್ರೇ, ನೀವು ಕೊಡೋಕೆ ಬಂದಿದೀರೋ ಇಸ್ಕೊಳ್ಳೋಕೋ?"

"ತಮಾಷೆ ಸಾಕು, ಸೂಜಿ ಹಾಕು."

"ಹಾಕಿದ್ರೆ ಗಾಳಿ ಬರುತ್ತೆ."

ಬೆರಳು ಚುಚ್ಚಿ ಯಂತ್ರಕ್ಕೆ ಹಾಕಿದಳು. ಇರಬೇಕಾದ್ದರಲ್ಲಿ ಅರ್ಧ ರಕ್ತವಿದೆ ಅಂತ ಬಂತು. ಯಂತ್ರ ಕೆಟ್ಟಿದೆ ಅಂದೆ. ತನ್ನ ಬೆರಳು ಚುಚ್ಚಿಕೊಂಡು ತೋರಿಸಿದಳು. ಯಂತ್ರ ಚೆನ್ನಾಗೇ ಇತ್ತು. ಇಂಥ ಯಂತ್ರ ತರಿಸಿದವರು ಯಾರು, ಕೇಳಿಯೇ ಬಿಡುತ್ತೇನೆ ಅಂತ ರಭಸದಿಂದ ಎದ್ದೆ. ಎದ್ದದ್ದು ನೆನಪಿದೆ.

ಕಣ್ಣು ಬಿಟ್ಟಾಗ ಕೊಕುತೋನಾ ಕುರ್ಚಿ ಎಳೆದುಕೊಂಡು ಕೂತಿದ್ದಳು, ಪಕ್ಕದಲ್ಲಿ ನ್ಯಾಮಿಜಿ.

"ಮ್ಜೇ, ನೋವು ಎಲ್ಲಿ? ತೋರಿಸಿ."

ಪೂರ್ತಿ ಅಂಗೈ ಇಟ್ಟು ಸವರಿದೆ.

"ಒಂದು ಬೆರಳಲ್ಲಿ?"

ತೋರಿಸಿದೆ. ಸರಿಯಾಗಿ ಅಲ್ಲೇ ಒತ್ತಿದಳು. ನನ್ನ ಬಾಯಿಂದ ಒಂದು ಸದ್ದು ಬಂತು. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ.

"ನೋವಿನ ಮಾತ್ರೆ ಏನಾದ್ರೂ?"

"ಯಾವಾಗಾದ್ರೂ ಒಂದು."

"ದಿನಕ್ಕೆರಡು," ನ್ಯಾಮಿಜಿ. "ಪಟ್ಟಿ ನನ್ನ ಬ್ಯಾಗಲ್ಲೇ ಇದೆ."

"ಮಲ ಕಪ್ಪಗೆ ಹೋಗ್ತಿದೆಯಾ?"

"ಸೊಪ್ಪು ತಿಂದಿದ್ದೆ."

"ಯಾವತ್ತು?"

"...ಸೋಮವಾರ." ಅದು ಮಂಗಳವಾರ ಅಂತ ನ್ಯಾಮಿಜಿ ತಿದ್ದಿದಳು. ಕೊಕುತೋನಾ ನಗಲಿಲ್ಲ. ತುಟಿ ಕಚ್ಚಿಕೊಂಡು ಬರೆದುಕೊಂಡಳು. ಸುಳ್ಳು ಹೇಳುವ ರೋಗಿಗಳನ್ನು ನಾನು ಬೈಯುತ್ತಿದ್ದೆ. ಸುಳ್ಳಲ್ಲ ಅದು, ಬಾಯಿ ತಾನೇ ಹಾಗೆ ತಿರುಗುತ್ತದೆ.

ಎರಡು ಚೀಲ ರಕ್ತ ಏರಿಸಿದರು, ಪೊಲೀಸ್ ಕ್ಯಾಂಪಿನ ಹುಡುಗರು ಬಂದು ಕೊಟ್ಟದ್ದು. ಚಾವುಸಿಕುವಿಗೂ ಅದರಲ್ಲೇ ಬಂತು. ಆಮೇಲೆ ಕೊಳವೆ. "ಐದು ನಿಮಿಷ, ಏನೂ ಆಗಲ್ಲ" ಅಂತ ಜೀವಮಾನವೆಲ್ಲ ಜನಕ್ಕೆ ಹೇಳಿದ್ದೇನೆ. ಐದು ನಿಮಿಷವಲ್ಲ. ಆಗುತ್ತೆ. ಗಂಟಲಲ್ಲಿ ಹಾವು, ಕಣ್ಣಲ್ಲಿ ನೀರು, ಕೆನ್ನೆ ಮೇಲೆ ಜೊಲ್ಲು. ಭೋಕೆ ನನ್ನ ತಲೆ ಹಿಡಿದುಕೊಂಡು, "ಮಗು, ಉಸಿರಾಡು, ಉಸಿರಾಡು" ಅನ್ನುತ್ತಿದ್ದಳು. ಅವಳು ಎಲ್ಲ ರೋಗಿಗಳಿಗೂ ಹಾಗೇ ಅನ್ನುವುದು. ಆ ಕೈ ತೆಗೆಯದಿರಲಿ ಅನ್ನಿಸಿತು.

ಹುಣ್ಣೇ. ಕಪ್ಪಗೆ ಹೋದದ್ದು ಸೊಪ್ಪಲ್ಲ, ಅಲ್ಲಿಂದ ಒಸರಿದ ರಕ್ತ. ಹುಣ್ಣು ಮಾಡುವ ಕ್ರಿಮಿಯೂ ಸಿಕ್ಕಿತು. ನಮ್ಮೂರಲ್ಲಿ ಅದಿಲ್ಲದ ಹೊಟ್ಟೆ ಹುಡುಕುವುದೇ ಕಷ್ಟ. ನೋವಿನ ಮಾತ್ರೆ ಹುಣ್ಣಿಗೆ ಗೊಬ್ಬರ ಹಾಕಿದೆ.

ಎಲ್ಲರೂ ಹೋದ ಮೇಲೆ ಕೊಕುತೋನಾ ಮತ್ತೆ ಬಂದಳು. "ಹುಣ್ಣಿನ ಅಂಚು ನನಗೆ ಅಷ್ಟು ಹಿಡಿಸ್ಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದೀನಿ."

"ವಾಡಿಕೆ ಪ್ರಕಾರ ತಾನೇ?" ಈ ಮಾತನ್ನು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಕ್ಯಾನ್ಸರ್ ಅನ್ನದೆ ಇರಲು ಹೇಳುವ ಮಾತದು, ನನಗೆ ಗೊತ್ತು.

"ಗೊತ್ತಿಲ್ಲ ಮ್ಜೇ. ಗೊತ್ತಾದ ಕೂಡ್ಲೇ ಹೇಳ್ತೀನಿ."

ಹೋಗಲಿಲ್ಲ, ಮತ್ತೆ ಕುರ್ಚಿ ಎಳೆದುಕೊಂಡು ಕೂತಳು. ಬೇರೆ ಕೆಲಸ ಇಲ್ಲವೇನಮ್ಮ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮಾರ್ಚ್ 27, ಬುಧವಾರ

ಹೆಂಗಸರ ವಾರ್ಡಿನಿಂದ ಚಾವುಸಿಕು ನಡೆದುಕೊಂಡೇ ಬಂದಳು, ಕಾಂಗಾ ಬಟ್ಟೆ ಹೆಗಲಿಗೆ ಹೊದ್ದು. ನನ್ನ ಹಾಸಿಗೆಯನ್ನು ಆ ಕಡೆ ಈ ಕಡೆ ನೋಡಿದಳು.

"ಅಯ್ಯೋ, ಇದೇ ರೋಗ ನಿಮಗೂ ಬಂತಾ? ನನ್ನಿಂದ ಅಂಟ್ಕೊಂಡಿತೇನೋ. ಆದ್ರೆ ನೀವು ನನ್ನ ಅಷ್ಟು ಹೊತ್ತು ಮುಟ್ಲೇ ಇಲ್ವಲ್ಲ!"

ಪಕ್ಕದ ಹಾಸಿಗೆಯವನು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಗಬೇಕಾಯಿತು.

"ಅಮ್ಮ, ಆ ಮದುವೆ ಹೇಗಾಯ್ತು?" ಅಂದೆ. ಏನಾದರೂ ಮಾತಾಡಬೇಕಲ್ಲ.

ಕೂತಳು. ವರನ ಕಡೆಯವರು ಲಾರಿ ದಾರಿ ತಪ್ಪಿ ಬೇರೆ ಊರಿನ ಮದುವೆಗೆ ಹೋಗಿ ಊಟ ಮಾಡಿಬಿಟ್ಟಿದ್ದರಂತೆ. ಇಲ್ಲಿ ಬೇಯಿಸಿದ ಅನ್ನ ಉಳಿದು ಅದನ್ನು ಎತ್ತಿಡುವಾಗಲೇ ಸೊಂಟ ಹಿಡಿದದ್ದು. ನಿಜಕ್ಕೂ ಒಳ್ಳೆಯ ಕಥೆ. ಬಾಣಂತನದವರೆಗೂ ಹೋಗಲಿಲ್ಲ, ಹುಡುಗಿಗೆ ಇನ್ನೂ ಮಗುವಾಗಿಲ್ಲ.

ಏಪ್ರಿಲ್ 6, ಶನಿವಾರ

ಮನೆ. ಕ್ರಿಮಿಯ ಮಾತ್ರೆಗಳಿಂದ ಬಾಯಿ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿದೆ. ಇದನ್ನು ಅರ್ಧಕ್ಕೆ ಬಿಟ್ಟವರನ್ನು ಎಷ್ಟು ಬೈದಿದ್ದೇನೆ. ಬೈಯುವುದು ಸರಿಯೇ, ಪೂರ್ತಿ ತಿನ್ನಲೇಬೇಕು. ಆದರೆ ಬಾಯಿ ಹೀಗಾಗುತ್ತೆ ಅಂತ ಮೊದಲೇ ಹೇಳಬಹುದು.

ಪರೀಕ್ಷೆಯ ಉತ್ತರ ಬಂದಿಲ್ಲ.

ಏಪ್ರಿಲ್ 9, ಮಂಗಳವಾರ

ಬಂದಿಲ್ಲ.

ಏಪ್ರಿಲ್ 11, ಗುರುವಾರ

ಚಹಾ ಬಿಟ್ಟು ಗಂಜಿ ಕುಡಿಯುತ್ತಾ ಇಬ್ಬರೂ ಹಿತ್ತಲಲ್ಲಿ ಕೂತಿದ್ದೆವು. ನ್ಯಾಮಿಜಿ ಕೇಳಿದಳು, "ಇಂಥ ಹುಣ್ಣು ನೂರು ಜನಕ್ಕಿದ್ರೆ, ಎಷ್ಟು ಜನಕ್ಕೆ ಅದು... ಆ ಇನ್ನೊಂದಾಗಿರುತ್ತೆ?"

ಹೇಳಿದೆ.

ಮನಸ್ಸಲ್ಲೇ ಲೆಕ್ಕ ಮಾಡಿದಳು. "ಹಾಗಾದ್ರೆ ಉಳಿದವರೇ ಜಾಸ್ತಿ. ಇನ್ನೊಂದು ಲೋಟ ಕುಡೀರಿ."

ಕುಡಿದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಇದ್ದದ್ದು ಎರಡೇ ಲೋಟ. ನಾನೂ ಎದ್ದು ಹೋಗಿ ಒರೆಸುವ ಬಟ್ಟೆ ಹಿಡಿದು ನಿಂತೆ. ಅವಳು ತೊಳೆದದ್ದನ್ನೇ ತೊಳೆದಳು, ನಾನು ಒರೆಸಿದ್ದನ್ನೇ ಒರೆಸಿದೆ.

ಏಪ್ರಿಲ್ 15, ಸೋಮವಾರ

ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಪರೀಕ್ಷೆಯ ಉತ್ತರದ ದಾರಿ ಕಾಯುವುದಕ್ಕಿಂತ ವಾಸಿ.

ನೀಮಾ ಅಂತ ಒಂದು ಶಾಲಾ ಹುಡುಗಿ, ತಾಯಿಯ ಜೊತೆ. ಹೊಟ್ಟೆ ಉಬ್ಬರ, ವಾರಕ್ಕೊಮ್ಮೆ ಶೌಚ. ಮೂರು ಕಡೆ ಭೇದಿಯಾಗುವ ಔಷಧ ಕೊಟ್ಟಿದ್ದಾರೆ, ಒಂದು ಕಡೆ ಟೈಫಾಯ್ಡ್. ನನ್ನ ಪೆನ್ನಿನ ಶಾಯಿ ನಿಂತುಹೋಗಿತ್ತು. (ಭೋಕೆ ತನ್ನದನ್ನು ಕಸಿದುಕೊಂಡಿದ್ದಾಳೆ.) ಇನ್ನೊಂದು ತರುವವರೆಗೆ ಸುಮ್ಮನಿರಬೇಕಲ್ಲ ಅಂತ, "ಶಾಲೆ ಹೇಗಿದೆಯಮ್ಮ?" ಅಂದೆ. ಚೆನ್ನಾಗಿದೆ ಅಂದಳು. ಊಟ? ಚೆನ್ನಾಗಿದೆ. ಕಕ್ಕಸು? ತಾಯಿಯ ಕಡೆ ನೋಡಿ ತಲೆ ತಗ್ಗಿಸಿದಳು. ಹುಡುಗಿಯರ ಕಕ್ಕಸಿಗೆ ಬಾಗಿಲಿಲ್ಲವಂತೆ, ಮಳೆಗೆ ಮುರಿದು ಬಿದ್ದು ತಿಂಗಳಾಯಿತಂತೆ. ಬೆಳಿಗ್ಗೆಯಿಂದ ಸಂಜೆವರೆಗೆ ಹಿಡಿದುಕೊಂಡಿರುತ್ತಾಳೆ, ನೀರೂ ಕುಡಿಯುವುದಿಲ್ಲ.

ಔಷಧದ ಚೀಟಿಯಲ್ಲಿ "ಬಾಗಿಲು, ಒಂದು. ಚಿಲಕದ ಸಮೇತ. ತಕ್ಷಣ" ಅಂತ ಬರೆದು ಮೊಹರು ಒತ್ತಿ ಹೆಡ್‌ಮಾಸ್ಟರರಿಗೆ ಕಳಿಸಿದೆ. ತಾಯಿ ಅದನ್ನು ಮೊದಲು ಔಷಧದಂಗಡಿಗೆ ಒಯ್ದಳಂತೆ. ಅಂಗಡಿಯವನು ಓದಿ, ನಮ್ಮಲ್ಲಿ ಈ ಕಂಪನಿಯದು ಇಲ್ಲ ಅಂದನಂತೆ.

ಏಪ್ರಿಲ್ 25, ಗುರುವಾರ

ವಾರ್ಡಿನ ಓಣಿಯಲ್ಲಿ ಕೊಕುತೋನಾ ಓಡಿ ಬರುತ್ತಿದ್ದಳು. ಡಾಕ್ಟರುಗಳು ಓಡಬಾರದು, ರೋಗಿಗಳು ಹೆದರುತ್ತಾರೆ ಅಂತ ನಾನೇ ಅವಳಿಗೆ ಹೇಳಿದ್ದೆ. ನಾನು ಗೋಡೆ ಹಿಡಿದುಕೊಂಡೆ.

"ಬರೀ ಹುಣ್ಣು! ಮ್ಜೇ, ಬರೀ ಹುಣ್ಣು! ಬೇರೇನೂ ಇಲ್ಲ!"

"ನಾನು ಮೊದಲೇ ಹೇಳಿರ್ಲಿಲ್ವಾ," ಅಂದೆ.

"ಏನಂತ? ಗ್ಯಾಸು ಅಂತಲಾ?"

ಶಾಲೆಗೆ ಫೋನ್ ಮಾಡಿದೆ. ನ್ಯಾಮಿಜಿಯನ್ನು ತರಗತಿಯಿಂದ ಕರೆಸಿದರು. ಹೇಳಿದೆ. "ಸರಿ. ಮಕ್ಕಳು ಕಾಯ್ತಿದಾರೆ" ಅಂದಳು. ಫೋನ್ ಮಾತ್ರ ಇಡಲಿಲ್ಲ. ನಾನೂ ಇಡಲಿಲ್ಲ.

ಮೇ 24, ಶುಕ್ರವಾರ

ಹುಣ್ಣು ಮಾಯಿತೋ ಇಲ್ಲವೋ ನೋಡಲು ಮತ್ತೆ ಕೊಳವೆ. ಡಾಕ್ಟರಿಗೂ ಸಾಲು ಸಾಲೇ ಅಂತ ಭೋಕೆ ಹೊರಗಿನ ಬೆಂಚಿನಲ್ಲಿ ಕೂರಿಸಿದಳು. ಪಕ್ಕದಲ್ಲಿ ಒಬ್ಬ ಬಸ್ ಕಂಡಕ್ಟರ್, ಮೊದಲ ಸಲ ಬಂದವನು, ನಡುಗುತ್ತಿದ್ದ.

"ನೋವಾಗುತ್ತಾ ಮ್ಜೇ?"

"ಹಿಂಸೆ ಆಗುತ್ತೆ. ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ. ಉಸಿರಾಟ ನಿಲ್ಲಲ್ಲ, ನಿಲ್ಲುತ್ತೆ ಅನ್ನಿಸುತ್ತೆ ಅಷ್ಟೆ. ಒಬ್ಬ ಸಿಸ್ಟರ್ ತಲೆ ಹಿಡ್ಕೊಳ್ತಾಳೆ, ಆ ಕೈ ಬಿಡಬೇಡ."

"ನೀವು ಮೊದಲೂ ಮಾಡಿಸ್ಕೊಂಡಿದೀರಾ?"

"ನಾನಿಲ್ಲಿ ಹಳಬ" ಅಂದೆ.

ಮಾಯಿದೆ. ಒಂದು ತಿಳಿ ಗೆರೆ ಉಳಿದಿದೆ ಅಂದಳು ಕೊಕುತೋನಾ. ಮಂಡಿಗೆ ಇನ್ನು ಮೇಲೆ ಬಿಸಿನೀರಿನ ಶಾಖ ಮಾತ್ರ. ನಾನು ಗೋಲ್‌ಕೀಪರ್ ಆಗಬೇಕು ಅಂತ ನ್ಯಾಮಿಜಿಯ ತೀರ್ಪು.

ಜೂನ್ 5, ಬುಧವಾರ

ಕತ್ತಲಾಗುವ ಹೊತ್ತಿಗೆ ಮನೆ ಸೇರಿದೆ. ಈಚೆಗೆ ದಿನವೂ ಹೀಗೇ ಆಗುತ್ತಿದೆ. ಕಾರಣ ತಿಳಿಯುತ್ತಿಲ್ಲ. ರೋಗಿಗಳ ಸಂಖ್ಯೆ ಮೊದಲಿನಷ್ಟೇ ಅಂತ ಭೋಕೆ ರಿಜಿಸ್ಟರ್ ತೋರಿಸುತ್ತಾಳೆ. ಅವಳಿಗೆ ನನ್ನ ಮೇಲೆ ವಿಪರೀತ ಸಿಟ್ಟು. "ನಿಮ್ಮ ಸಾಲಿನವರು ಬೆಂಚ್ ಮೇಲೇ ನಿದ್ದೆ ಹೋಗ್ತಿದಾರೆ. ಡಾ. ಕೊಕುತೋನಾ ನಿಮಗಿಂತ ಬೇಗ ಮುಗಿಸಿ ಮನೆಗೆ ಹೋದ್ರು. ನಿಮಗೆ ವಯಸ್ಸಾಯ್ತಾ ಅಂತ ಜನ ಕೇಳ್ತಿದಾರೆ, ಏನು ಹೇಳ್ಲಿ?"

ಜನ ಬದಲಾಗಿದ್ದಾರೆ, ಅದೇ ನಿಜವಾದ ಕಾರಣ. ಮೊದಲೆಲ್ಲ ಚೀಟಿ ಇಸಿದುಕೊಂಡು ಎದ್ದು ಹೋಗುತ್ತಿದ್ದರು. ಈಗ ಒಬ್ಬೊಬ್ಬರೂ ವಿಪರೀತ ಮಾತಾಡುತ್ತಾರೆ. ನಾಳೆ ಆಡಳಿತಕ್ಕೆ ಕಾಗದ ಬರೆದು ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇನೆ.

ಕೊನೆಗೆ ಬಂದವನು ಮಡುಹು ಅಂತ ಒಬ್ಬ ಮುದುಕ ಬೆಸ್ತ, ಉಕೆರೆವೆ ದ್ವೀಪದವನು. ಹೊಟ್ಟೆಯಲ್ಲಿ ಭಾರ, ಊಟ ಸೇರುವುದಿಲ್ಲ. ಗುಲ್ಮ ದಪ್ಪವಾಗಿ ಕೈಗೆ ಸಿಗುತ್ತದೆ. ಸರೋವರದ ನೀರಿನಿಂದ ಒಳಹೊಕ್ಕ ಹುಳುವಿನ ಕೆಲಸ, ಎಷ್ಟೋ ವರ್ಷದ್ದು. ಹುಳುವಿಗೆ ಔಷಧ ಬರೆದೆ. ರಕ್ತವಾಂತಿ ಆಗುವ ಮೊದಲೇ ಅನ್ನನಾಳದ ರಕ್ತನಾಳಗಳು ಊದಿವೆಯೇ ಅಂತ ನೋಡಬೇಕು, ಅದಕ್ಕೆ ನಾಳೆ ಬೆಳಿಗ್ಗೆ ಕೊಳವೆ. ನೀರಿಗೆ ಇಳಿದು ಎಷ್ಟು ಕಾಲವಾಯಿತು ಅಂತ ಕೇಳಿದ್ದಷ್ಟೇ. ಹನ್ನೆರಡನೇ ವಯಸ್ಸಿನಲ್ಲಿ ಅಪ್ಪನ ಜೊತೆ ಮೊದಲ ಸಲ ದೋಣಿ ಹತ್ತಿದ್ದು, ಮಧ್ಯ ಸರೋವರದಲ್ಲಿ ಗಾಳಿ ಎದ್ದದ್ದು, ಅಪ್ಪ ತನ್ನ ಸೊಂಟದ ಹಗ್ಗ ಬಿಚ್ಚಿ ಇವನಿಗೆ ಕಟ್ಟಿದ್ದು, ದೋಣಿ ಮಗುಚಿದ್ದು... ಅಷ್ಟರಲ್ಲಿ ಭೋಕೆ ಬಂದು ದೀಪ ಆರಿಸಿದಳು.

ನಾಳೆ ಹಸಿದ ಹೊಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ಬಾ ಅಂತ ಹೇಳಿದ್ದೇನೆ. ಗಂಟಲಿಗೆ ಕೊಳವೆ ಇಳಿಸಿದ ಮೇಲೆ ಅವನಿಗೆ ಮಾತಾಡಲು ಆಗುವುದಿಲ್ಲ. ಅವನ ಅಪ್ಪನಿಗೆ ಏನಾಯಿತು ಅಂತ ಅದಕ್ಕೂ ಮುಂಚೆ ಕೇಳಿಬಿಡಬೇಕು.